ಮಸ್ಟರಿನಲ್ಲಿ ಹೆಸರು: ಉದ್ಯೋಗ ಖಾತರಿಯ ಚರಿತ್ರೆ ಮತ್ತು ಗಡಿಯಾಚೆಯ ಕನ್ನಡ ಹೆಣ್ಣುಮಕ್ಕಳು

ಮಹಿಳೆಯರನ್ನು ದುಡಿಮೆಗೆ ಪ್ರೋತ್ಸಾಹಿಸುವ ಸರ್ಕಾರಿ ನೀತಿಗಳನ್ನು ಕುರಿತ ಬರಹಗಳಲ್ಲಿ ‘ಪ್ರೋತ್ಸಾಹ’ ಎಂಬ ಪದವು ಹೆಚ್ಚಿನ ಪರಿಶೀಲನೆಗೆ ಒಳಗಾಗದೆ ಉಳಿದಿದೆ. ಮನೆಯೊಳಗೆ ಸುಮ್ಮನೆ ಕುಳಿತಿದ್ದವಳನ್ನು ಪ್ರಭುತ್ವವು ಹುರಿದುಂಬಿಸಿ ಹೊರಗೆ ಕರೆತಂದಿತೆಂಬ ಚಿತ್ರ ಆ ಪದದ ಬೆನ್ನಿಗಿದೆ. ದಖ್ಖನಿನ ಬರಪೀಡಿತ ತಾಲ್ಲೂಕುಗಳ ಮಟ್ಟಿಗಂತೂ ಈ ಚಿತ್ರ ಸಲ್ಲದು. ಅಲ್ಲಿ ಹೆಣ್ಣು ದುಡಿಯದೆ ಇದ್ದ ಕಾಲವೇ ಇಲ್ಲ. ಕಾಣದೆ ಇದ್ದದ್ದು ಆ ದುಡಿಮೆಯ ಎದುರಿಗೆ ಅವಳ ಹೆಸರು. ಹೊಲದಲ್ಲಿಯೋ ಕುಟುಂಬದ ಕಸುಬಿನಲ್ಲಿಯೋ ಕೂಲಿಯಿಲ್ಲದೆ ಮಾಡುವ ಕೆಲಸವೂ ಕೆಲಸವೇ ಎಂಬುದನ್ನು 1991ರ ಜನಗಣತಿಯ ಪ್ರಶ್ನೆಯ ಒಕ್ಕಣೆಯಲ್ಲಿಯೇ ಸೇರಿಸಬೇಕಾಗಿ ಬಂದದ್ದು ಈ ಕಾರಣಕ್ಕೇ. ಎಷ್ಟು ಜನ ಹೆಂಗಸರು ದುಡಿಮೆಗೆ ಬಂದರೆಂಬ ಲೆಕ್ಕಕ್ಕಿಂತ, ಯಾವ ಕಾಗದದ ಮೇಲೆ, ಯಾರ ಹೆಸರಿನಲ್ಲಿ, ಯಾವ ಭಾಷೆಯಲ್ಲಿ ಅವರ ದುಡಿಮೆ ದಾಖಲಾಯಿತೆಂಬ ವಿಚಾರಣೆ ಹೆಚ್ಚು ಫಲಕಾರಿಯಾದೀತೆಂದು ನನ್ನ ನಂಬಿಕೆ.

ಈ ವಿಚಾರಣೆಯನ್ನು ಉದ್ಯೋಗ ಖಾತರಿಯ ಚರಿತ್ರೆಯ ಮೂಲಕ ನಡೆಸಲು ಭೌಗೋಳಿಕವಾದ ಕಾರಣವೊಂದಿದೆ. ಮಹಾರಾಷ್ಟ್ರದ ಉದ್ಯೋಗ ಖಾತರಿ ಮೊದಲು ಚಿಗುರಿದ್ದು ಸಾಂಗ್ಲಿ ಜಿಲ್ಲೆಯಲ್ಲಿ. ಕನ್ನಡದ ಜತ್ತ ಇರುವುದು ಅದೇ ಜಿಲ್ಲೆಯ ಆಗ್ನೇಯದ ಅಂಚಿನಲ್ಲಿ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗೆ 2006ರ ಫೆಬ್ರವರಿ 2ರಂದು ಚಾಲನೆ ದೊರೆತದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ರಾಯದುರ್ಗ, ಮಡಕಶಿರಾ ಎರಡೂ ಅಂದು ಆ ಜಿಲ್ಲೆಗೇ ಸೇರಿದ್ದವು. ಆ ಕಾಯಿದೆಯಡಿ ಹೆಣ್ಣಾಳುಗಳ ಪಾಲು ಅತ್ಯಂತ ಹೆಚ್ಚಾಗಿ ಕಂಡ ರಾಜ್ಯ ಕೇರಳ. ಅಲ್ಲಿ ವಯನಾಡು ಮೊದಲ ಹಂತದಲ್ಲಿ, ಕಾಸರಗೋಡು 2007ರ ಎರಡನೆಯ ಹಂತದಲ್ಲಿ ಕಾಯಿದೆಯ ವ್ಯಾಪ್ತಿಗೆ ಬಂದವು. ಅಂದರೆ ಈ ನೀತಿಯ ಮುಖ್ಯ ಘಟ್ಟಗಳೆಲ್ಲ ಗಡಿನಾಡ ಕನ್ನಡಿಗರ ಅಂಗಳದಲ್ಲಿಯೇ, ಆದರೆ ಬೇರೆ ಭಾಷೆಗಳ ಕಡತಗಳಲ್ಲಿ ನಡೆದಿವೆ. ಶಾಲೆ, ಪಠ್ಯಪುಸ್ತಕ, ನಾಮಫಲಕ, ಮಹಾಜನ ವರದಿ ಇವುಗಳ ಸುತ್ತಲೇ ಬೆಳೆದ ನಮ್ಮ ಗಡಿ ಅಧ್ಯಯನವು ಕೂಲಿಯ ಕಾಗದಗಳತ್ತ ಅಷ್ಟಾಗಿ ತಿರುಗಿಲ್ಲ. ಆ ಕಾಗದಗಳ ಮೇಲೆ ಹೆಚ್ಚಾಗಿ ಇರುವುದು ಹೆಬ್ಬೆಟ್ಟಿನ ಗುರುತು ಎಂಬುದೂ ಇದಕ್ಕೆ ಕಾರಣವಿರಬಹುದು.

ಮೊದಲು ಜತ್ತ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಕೂಲಿ ಕುಟುಂಬಗಳು ಕಬ್ಬು ಕಡಿಯಲು ಕೃಷ್ಣೆಯ ಬಯಲಿಗೆ ಇಳಿಯುವುದು ಬಹುಕಾಲದ ರೂಢಿ. ಸಕ್ಕರೆ ಕಾರ್ಖಾನೆಗಳ ಈ ದುಡಿಮೆಯನ್ನು ಅಳೆಯುವ ಮಾನ ‘ಕೊಯ್ತಾ’. ಪದದ ಅರ್ಥ ಕಬ್ಬು ಕಡಿಯುವ ಕತ್ತಿ. ವ್ಯವಹಾರದ ಅರ್ಥ ಗಂಡ ಹೆಂಡಿರ ಜೋಡಿ. ಮುಕಾದಮ ಮುಂಗಡ ಕೊಡುವುದು ಕೊಯ್ತಾಕ್ಕೆ ಇಷ್ಟೆಂದು. ಹಂಗಾಮಿನ ಕೊನೆಗೆ ಲೆಕ್ಕ ಮುರಿಯುವುದೂ ಕೊಯ್ತಾದ ಲೆಕ್ಕದಲ್ಲಿಯೇ. ಗಂಡಸು ಕಡಿಯುತ್ತಾನೆ, ಹೆಂಗಸು ರವದಿ ಸುಲಿದು, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಬಂಡಿಗೋ ಲಾರಿಗೋ ಏರಿಸುತ್ತಾಳೆ, ನಸುಕಿಗೆ ಮುಂಚೆ ಎದ್ದು ರೊಟ್ಟಿ ಬಡಿದಿರುವವಳೂ ಅವಳೇ. ಜೋಡಿಯಿಲ್ಲದೆ ಒಂಟಿಯಾಗಿ ಬಂದ ಆಳು ‘ಅರ್ಧ ಕೊಯ್ತಾ’. ಕಾವ್ಯಮೀಮಾಂಸೆ ಓದಿದವರಿಗೆ ಇದು ಲಕ್ಷಣೆಯ ಉದಾಹರಣೆಯಾಗಿ ಕಂಡೀತು: ಉಪಕರಣದ ಹೆಸರು ಅದನ್ನು ಹಿಡಿದವನಿಗೆ ಸಂದು, ಹಿಡಿಯದವಳನ್ನೂ ಒಳಗೊಂಡು, ಅವಳನ್ನು ಹೇಳದೆಯೇ ಉಳಿದಿದೆ. ಮುಂಗಡ ಎಣಿಸಿಕೊಳ್ಳುವವನು ಗಂಡ. ಹೆಂಡತಿಯ ಅರ್ಧವು ಪ್ರತ್ಯೇಕ ಸಂಖ್ಯೆಯಾಗಿ ಎಲ್ಲಿಯೂ ಬರೆಯಲ್ಪಡುವುದಿಲ್ಲ.

ತಾಸಗಾಂವದ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸ್ವಾತಂತ್ರ್ಯ ಹೋರಾಟಗಾರರೂ ಗಾಂಧಿವಾದಿಗಳೂ ಆಗಿದ್ದ ವಿ. ಸ. ಪಾಗೆಯವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ಕಾಲದಲ್ಲಿ, 1965ರಲ್ಲಿ, ತಾಸಗಾಂವ ತಾಲ್ಲೂಕಿನ ವಿಸಾಪುರದ ಆಸುಪಾಸಿನಲ್ಲಿ ಕೆಲಸ ಕೇಳಿದವರಿಗೆ ಕೆಲಸ ಒದಗಿಸುವ ಸಣ್ಣ ಯೋಜನೆಯೊಂದು ಆರಂಭವಾಯಿತು. ವಸಂತರಾವ ನಾಯಕರ ಸರ್ಕಾರ 1972ರಲ್ಲಿ ಅದನ್ನು ರಾಜ್ಯಮಟ್ಟಕ್ಕೆ ಏರಿಸಿತು. ಏರಿಸಿದ ವರ್ಷವೇ ಬರ ಬಂದು ಯೋಜನೆ ಬರಪರಿಹಾರದ ಕಾಮಗಾರಿಗಳಲ್ಲಿ ಲೀನವಾಯಿತು. ‘ಎಪ್ಪತ್ತೆರಡರ ಬರ’ವೆಂದರೆ ಭೀಮಾತೀರದ ಎರಡೂ ದಂಡೆಗಳಲ್ಲಿ ಬೇರೆ ವಿವರಣೆ ಬೇಕಿಲ್ಲ, ಕಾಮಗಾರಿಯ ಜಾಗದಲ್ಲಿ ಹಂಚುತ್ತಿದ್ದ ಸುಕಡಿ, ರೇಷನ್ನಿನಲ್ಲಿ ಸಿಕ್ಕ ಕೆಂಪು ಮಿಲೋ ಜೋಳ ಹಿರಿಯರ ಮಾತಿನಲ್ಲಿ ಇನ್ನೂ ಬದುಕಿವೆ. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳ ಮೇಲೆ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು: ಖಡಿ ಒಡೆಯುವುದು, ಹೊಲಕ್ಕೆ ಒಡ್ಡು ಹಾಕುವುದು, ಇಂಗುಕೆರೆ ತೋಡುವುದು. ಬರ ಸರಿದ ಮೇಲೂ ಖಾತರಿ ಉಳಿಯಿತು. ಅದಕ್ಕೆ ಹಣ ಹೊಂದಿಸಲೆಂದೇ 1975ರಲ್ಲಿ ವೃತ್ತಿ ತೆರಿಗೆ ಬಂತು. ಪಟ್ಟಣದ ಸಂಬಳದಾರನ ತೆರಿಗೆ ಹಳ್ಳಿಯ ಕೂಲಿಯಾಗುವ ಏರ್ಪಾಡು ಅದು. ವಿಧಾನಮಂಡಲ 1977ರಲ್ಲಿ ಒಪ್ಪಿದ ಕಾಯಿದೆ 1979ರ ಜನವರಿ 26ರಿಂದ ಜಾರಿಗೆ ಬಂತು.

ಈ ಕಾಯಿದೆಯಲ್ಲಿ ಹೆಂಗಸರಿಗೆಂದು ಇಂತಿಷ್ಟು ಪಾಲಿನ ಮೀಸಲಾತಿ ಇರಲಿಲ್ಲ. ಗ್ರಾಮೀಣ ಪ್ರದೇಶದ ವಯಸ್ಕ ವ್ಯಕ್ತಿಗೆ, ಕುಶಲತೆ ಬೇಡದ ದೈಹಿಕ ಕೆಲಸವನ್ನು ಕೇಳುವ ಹಕ್ಕಿದೆ ಎಂದಷ್ಟೇ ಅದು ಹೇಳಿತು. ಹಾಗಿದ್ದೂ ಹೆಂಗಸರು ಬಂದರು. ಎಷ್ಟರಮಟ್ಟಿಗೆಂದರೆ ಪುಣೆಯ ಗೋಖಲೆ ಸಂಸ್ಥೆಯ ಕುಮುದಿನಿ ದಾಂಡೇಕರರು 1983ರಲ್ಲಿ ಪ್ರಕಟಿಸಿದ ಅಧ್ಯಯನವು ಉದ್ಯೋಗ ಖಾತರಿಯನ್ನು ಹೆಂಗಸರ ಉದ್ಯೋಗಾವಕಾಶವೆಂದು ಶೀರ್ಷಿಕೆಯಲ್ಲಿಯೇ ಕರೆಯಿತು. ಇದಕ್ಕೆ ಎದುರಾಗಿ, 1989ರಲ್ಲಿ ಕೇಂದ್ರ ಸರ್ಕಾರ ತಂದ ಜವಾಹರ್ ರೋಜ್‌ಗಾರ್ ಯೋಜನೆಯಲ್ಲಿ ಹೆಂಗಸರಿಗೆ ಶೇ. 30ರಷ್ಟು ಪಾಲನ್ನು ಕಾದಿರಿಸಲಾಗಿತ್ತು. ದೇಶಮಟ್ಟದಲ್ಲಿ ಆ ಯೋಜನೆ ಆ ಗುರಿಯನ್ನು ಮುಟ್ಟಲಿಲ್ಲ. ಭಾರತದಲ್ಲಿ ಮಹಿಳೆಯರ ಸ್ಥಿತಿಗತಿಯನ್ನು ಪರಿಶೀಲಿಸಿದ ಸಮಿತಿ ತನ್ನ ‘ಸಮಾನತೆಯತ್ತ’ ವರದಿಯಲ್ಲಿ ದುಡಿಯುವವರ ಪೈಕಿ ಹೆಂಗಸರ ಪಾಲು ಕುಸಿಯುತ್ತಿರುವುದನ್ನು 1974ರಲ್ಲಿಯೇ ಎತ್ತಿ ತೋರಿಸಿತ್ತು. ಮರುವರ್ಷ ಸಮಾನ ವೇತನದ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ ಬಂದವು. ಘೋಷಣೆಗೆ ಕೊರತೆ ಇರಲಿಲ್ಲ. ಆದರೆ ಮೀಸಲಾತಿ ಇಲ್ಲದ ಕಡೆ ಹೆಂಗಸರು ಸೇರಿದ್ದೇಕೆ, ಇದ್ದ ಕಡೆ ಸೇರದಿದ್ದುದೇಕೆ?

ಉತ್ತರವಿರುವುದು ನಿಯಮಗಳ ಸಣ್ಣ ಅಕ್ಷರಗಳಲ್ಲಿ. ಖಾತರಿಯ ಕೆಲಸಕ್ಕೆ ಯಾರ ಶಿಫಾರಸೂ ಬೇಡ, ಒಡೆಯನ ಮನೆಯ ಮುಂದೆ ನಿಲ್ಲಬೇಕಾಗಿಲ್ಲ, ಮುಂಗಡದ ಸಾಲವಿಲ್ಲ. ಜಿಲ್ಲೆಯೊಳಗೆ ಎಲ್ಲಿಯಾದರೂ ಕೆಲಸ ಕೊಡಲು ಕಾಯಿದೆ ಅವಕಾಶವಿತ್ತಿದ್ದರೂ ಬಹುತೇಕ ಕಾಮಗಾರಿಗಳು ನಡೆದದ್ದು ನಡೆದುಹೋಗುವ ದೂರದಲ್ಲಿ. ಕೂಸನ್ನು ಕರೆತಂದರೆ ಅದಕ್ಕೊಂದು ನೆರಳು, ನೋಡಿಕೊಳ್ಳುವವರೊಬ್ಬರು, ಕುಡಿಯುವ ನೀರು ಇರಬೇಕೆಂದು ನಿಯಮವಿತ್ತು. ಅದು ಎಷ್ಟೋ ಕಡೆ ಕಾಗದದಲ್ಲಿಯೇ ಉಳಿಯಿತೆಂಬುದೂ ನಿಜ. ಕೂಲಿಯು ಅಗೆದ ಮಣ್ಣಿನ ಅಳತೆಗೆ ಹೊರತು ಅಗೆದವರ ಲಿಂಗಕ್ಕೆ ಅಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಸ್ಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಕಬ್ಬಿನ ಗದ್ದೆಯಲ್ಲಿ ಅರ್ಧ ಕೊಯ್ತಾ ಆಗಿದ್ದವಳು ಇಲ್ಲಿ ಒಂದು ಹೆಸರು, ಅದರ ಮುಂದೆ ದಿನಗಳು, ದಿನಗಳ ಮುಂದೆ ಹಣ, ಹಣದ ಮುಂದೆ ಹೆಬ್ಬೆಟ್ಟು. ಗಂಡ ಜೊತೆಗೆ ಬಂದರೂ ಬಾರದಿದ್ದರೂ ಆ ಸಾಲು ಅವಳದೇ. ಗಂಡ ಬಿಟ್ಟವರು, ವಿಧವೆಯರು ಜೋಡಿಯನ್ನೇ ಮಾನವಾಗಿಸಿಕೊಂಡ ದುಡಿಮೆಯಲ್ಲಿ ಅರೆಪಾಲಿನ ಆಳುಗಳು; ಅವರಿಗೆ ಈ ಸಾಲಿನ ಬೆಲೆ ಏನಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಹೊಗಳಿಕೆಯಾಗಿ ಓದಬೇಕಾಗಿಲ್ಲ. ಅಳತೆಯ ಕೂಲಿ ತಂಡಕ್ಕೆ ಸಲ್ಲುತ್ತಿದ್ದುದರಿಂದ ಅಗೆಯುವ ಗಂಡಸಿಗೂ ಬುಟ್ಟಿ ಹೊರುವ ಹೆಂಗಸಿಗೂ ನಡುವಿನ ಹಂಚಿಕೆ ತಂಡದೊಳಗಿನ ಬಲಾಬಲಕ್ಕೆ ಬಿಟ್ಟ ವಿಷಯವಾಗುತ್ತಿತ್ತು. ಖಡಿ ಒಡೆದು ರಾಶಿ ಹಾಕುವ ಕೆಲಸದಿಂದ ಬರ ನೀಗುವುದಿಲ್ಲವೆಂದು ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಮುಕ್ತಿ ಸಂಘರ್ಷ ಚಳವಳಿ 1980ರ ದಶಕದಲ್ಲಿ ಎತ್ತಿದ ಆಕ್ಷೇಪವೂ ನ್ಯಾಯವಾದದ್ದೇ. ಆದರೂ ಕೊಯ್ತಾದಿಂದ ಮಸ್ಟರಿಗೆ ಬಂದ ಬದಲಾವಣೆ ಲೆಕ್ಕದ ವ್ಯಾಕರಣದಲ್ಲಿ ಆದ ಬದಲಾವಣೆ, ಅದು ಸಣ್ಣದಲ್ಲ.

ಇನ್ನು ಭಾಷೆ. ಖಾತರಿಯ ಕೆಲಸ ತಾನಾಗಿ ಬರುವುದಿಲ್ಲ. ಅದನ್ನು ಕೇಳಬೇಕು, ಬರಹದಲ್ಲಿ ಕೇಳಬೇಕು. ಹೆಸರು ನೋಂದಾಯಿಸಿಕೊಂಡ ಮೇಲೆ ಕೆಲಸದ ಬೇಡಿಕೆಯನ್ನು ನಿಗದಿತ ಅರ್ಜಿಯಲ್ಲಿ ಸಲ್ಲಿಸಬೇಕಿತ್ತು. ಮರಾಠಿಯಲ್ಲಿ ಅದು ‘ನಮುನಾ ಚಾರ್’. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ದಿನಕ್ಕೆ 1 ರೂಪಾಯಿಗೆ ಕಡಿಮೆಯಿಲ್ಲದ ನಿರುದ್ಯೋಗ ಭತ್ಯೆ. ಹಾಗಾಗಿ ಇಡೀ ಹಕ್ಕಿನ ಜುಟ್ಟು ಇದ್ದದ್ದು ತಾರೀಖು ಹಾಕಿದ ರಸೀದಿಯಲ್ಲಿ. ರಸೀದಿಯಿಲ್ಲದ ಬೇಡಿಕೆ ಕಾನೂನಿನ ಕಣ್ಣಿಗೆ ಬೇಡಿಕೆಯೇ ಅಲ್ಲ. ಒಂದು ಹೊಸ ಕಾಮಗಾರಿ ತೆರೆಯಲು ಕನಿಷ್ಠ 50 ಜನ ಕೇಳಿರಬೇಕೆಂಬ ನಿಯಮವೂ ಇದ್ದುದರಿಂದ, ಎಷ್ಟು ಅರ್ಜಿ ದಾಖಲಾದವೆಂಬುದೇ ಊರಿಗೆ ಕೆಲಸ ಬರುವುದನ್ನೂ ಬಾರದಿರುವುದನ್ನೂ ನಿರ್ಧರಿಸುತ್ತಿತ್ತು.

ಮಹಾರಾಷ್ಟ್ರದ ಅಧಿಕೃತ ಭಾಷಾ ಕಾಯಿದೆ 1964ರದು. ತಾಸಗಾಂವದ ಪ್ರಯೋಗ 1965ರದು. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಆದರೆ ಉಮದಿ, ಸಂಖದ ಕಡೆಯ ಕನ್ನಡ ಕೂಲಿಕಾರ್ತಿಯ ಪಾಲಿಗೆ ಅವೆರಡೂ ಒಂದೇ ಮೇಜಿನ ಮೇಲೆ ಬಂದು ಸೇರಿದವು: ಒಂದು ಕಾಯಿದೆ ‘ಕೇಳು’ ಎಂದಿತು, ಇನ್ನೊಂದು ‘ಮರಾಠಿಯಲ್ಲಿ ಕೇಳು’ ಎಂದಿತು. ಗಂಡಸಿಗೆ ಸಂತೆ, ಕಾರ್ಖಾನೆ, ತಹಸೀಲ ಕಚೇರಿಗಳ ಒಡನಾಟದಿಂದ ಆ ಭಾಷೆ ಒಲಿದಿರುತ್ತದೆ. ಮನೆ ಮತ್ತು ಹೊಲಗಳ ನಡುವೆ ಉಳಿದ ಹೆಂಗಸಿಗೆ ಅಷ್ಟಾಗಿ ಒಲಿದಿರುವುದಿಲ್ಲ. ದ್ವಿಭಾಷಿಕತೆಯನ್ನು ನಾವು ವಿದ್ವಾಂಸರು ಸಂಪತ್ತೆಂದು ಬಣ್ಣಿಸುವಾಗ ಅದು ಮನೆಯೊಳಗೆ ಸಮನಾಗಿ ಹಂಚಿಕೆಯಾಗಿಲ್ಲವೆಂಬುದನ್ನು ಮರೆಯುತ್ತೇವೆ. ಅರ್ಜಿ ತುಂಬಿಕೊಡಲು ಗ್ರಾಮಸೇವಕನೋ ತಲಾಠಿಯೋ ಶಾಲೆಗೆ ಹೋಗುವ ಮಗನೋ ಬೇಕಾದ ಕ್ಷಣದಲ್ಲಿ, ಮಧ್ಯಸ್ಥನಿಲ್ಲದ ಕೆಲಸವೆಂಬ ಖಾತರಿಯ ಹೆಗ್ಗಳಿಕೆಗೆ ಒಂದು ಬಿರುಕು ಬೀಳುತ್ತದೆ. ಮುಕಾದಮ ಹೋದ ಜಾಗಕ್ಕೆ ಬರೆದುಕೊಡುವವನು ಬಂದ.

ಈ ಬಿರುಕಿನ ಬೆಲೆ ತಿಳಿದದ್ದು 1988ರ ನಂತರ. ಆ ವರ್ಷ ಮಹಾರಾಷ್ಟ್ರ ಕನಿಷ್ಠ ಕೂಲಿಯನ್ನು ಇಮ್ಮಡಿಗೊಳಿಸಿತು. ಖಾತರಿಯ ಕೂಲಿಯೂ ಅದರೊಂದಿಗೆ ಏರಿತು. ಕೂಲಿ ಏರಿದರೆ ಜನ ಹೆಚ್ಚಬೇಕಿತ್ತು. ಕಾಮಗಾರಿಗಳ ಮೇಲಿನ ಹಾಜರಿ ಇಳಿಯಿತು. ಅರ್ಥಶಾಸ್ತ್ರಜ್ಞರಾದ ರವಾಲಿಯನ್, ದತ್ತ್ ಮತ್ತು ಚೌಧುರಿಯವರು 1993ರ ತಮ್ಮ ಪ್ರಬಂಧದಲ್ಲಿ ಇದನ್ನು ಪರಿಶೀಲಿಸಿ, ಕೆಲಸ ಬೇಕಾದವರಿಗೆಲ್ಲ ಸಿಗದೆ ಒಳಗೊಳಗೇ ಪಡಿತರದಂತೆ ಹಂಚಿಕೆ ನಡೆಯಿತೆಂದು ತೋರಿಸಿದರು. ಕಾಮಗಾರಿ ತೆರೆಯದೆ ಇರುವುದೇ ‘ಇಲ್ಲ’ ಎನ್ನುವ ಸರ್ಕಾರಿ ವಿಧಾನವಾದಾಗ ಕೂಲಿಯವಳ ಕೈಯಲ್ಲಿ ಉಳಿಯುವ ಆಯುಧ ಆ ರಸೀದಿಯೊಂದೇ.

2005ರ ರಾಷ್ಟ್ರೀಯ ಕಾಯಿದೆ ಮಹಾರಾಷ್ಟ್ರದಿಂದ ಬಹಳಷ್ಟನ್ನು ಪಡೆಯಿತು: 15 ದಿನಗಳ ಗಡುವು, ಭತ್ಯೆ, ಅಳತೆಯ ಕೂಲಿ. ಕೆಲವನ್ನು ಬಿಗಿಗೊಳಿಸಿತು: ಹೆಂಗಸರಿಗೆ ಮೂರನೆಯ ಒಂದು ಪಾಲು, 5 ಕಿಲೋಮೀಟರಿನೊಳಗೆ ಕೆಲಸ, ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಅದೇ ಕೂಲಿಯ ಮೇಲೆ ಒಬ್ಬಾಕೆ. ಆದರೆ ಒಂದೆಡೆ ಹಿಂದಕ್ಕೂ ಸರಿಯಿತು. ಮಹಾರಾಷ್ಟ್ರದ ಹಕ್ಕು ವ್ಯಕ್ತಿಯದು. ಇಲ್ಲಿ ವರ್ಷಕ್ಕೆ 100 ದಿನ ಕುಟುಂಬಕ್ಕೆ, ಜಾಬ್ ಕಾರ್ಡು ಕುಟುಂಬದ ಹೆಸರಿಗೆ. ಕಾರ್ಡಿನೊಳಗೆ ಅವಳ ಹೆಸರಿದೆ ನಿಜ. ದಿನಗಳನ್ನು ಯಾರು ಬಳಸಬೇಕೆಂಬುದು ಮತ್ತೆ ಮನೆಯ ಜಗಲಿಯಲ್ಲಿ ತೀರ್ಮಾನವಾಗಬೇಕು. ಕೊಯ್ತಾದ ತರ್ಕ ಒಂದಷ್ಟು ಸಭ್ಯವಾದ ರೂಪದಲ್ಲಿ ಮರಳಿ ಬಂದಂತೆ ನನಗೆ ಕಾಣುತ್ತದೆ.

ಅನಂತಪುರದ ಸೀಮೆಯಲ್ಲಿ ಈ ಕೆಲಸಕ್ಕೆ ಜನ ಇಟ್ಟ ಹೆಸರು ‘ಕರುವು ಪನಿ’, ಬರದ ಕೆಲಸ. ತಮಿಳುನಾಡಿನಲ್ಲಿ ಅದು ನೂರು ದಿನದ ಕೆಲಸ, ಮರಾಠಿಯಲ್ಲಿ ‘ರೋಜಗಾರ ಹಮೀ’, ಮಲಯಾಳದಲ್ಲಿ ‘ತೊಳಿಲುರಪ್ಪು’. ಹಮೀ, ಉರಪ್ಪು, ನಮ್ಮ ಖಾತರಿ ಮೂರೂ ಸರ್ಕಾರ ಕೊಟ್ಟ ಮಾತನ್ನು ಹೆಸರಿಸುತ್ತವೆ. ತಮಿಳು ದಿನಗಳನ್ನು ಎಣಿಸುತ್ತದೆ. ರಾಯಲಸೀಮೆಯ ತೆಲುಗು ಮಾತ್ರ ಕಷ್ಟವನ್ನು ನೆನೆಯುತ್ತದೆ. ಹಕ್ಕಾಗಿ ಬಂದದ್ದನ್ನು ಜನ ಪರಿಹಾರವೆಂದು ಕರೆದದ್ದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಮಳೆ ಕಡಿಮೆಯಾದ ಆ ನೆಲದಲ್ಲಿ ಸರ್ಕಾರದ ಕೆಲಸವೆಂದರೆ ತಲೆಮಾರುಗಳಿಂದ ಬರಗಾಲದ ಕೆಲಸವೇ. ಆಂಧ್ರವು 2006ರಿಂದಲೇ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗಂಭೀರವಾಗಿ ಕೈಗೊಂಡ ರಾಜ್ಯ. ಮಸ್ಟರನ್ನು ಊರ ಮುಂದೆ ಗಟ್ಟಿಯಾಗಿ ಓದಿ, ಈ ಹೆಸರಿನವಳು ಇಷ್ಟು ದಿನ ಬಂದಳೇ, ಇಷ್ಟು ಹಣ ಮುಟ್ಟಿತೇ ಎಂದು ಕೇಳುವ ಈ ಕ್ರಮದಲ್ಲಿ ಓದು ಬಾರದವಳೂ ದಾಖಲೆಯನ್ನು ಪ್ರಶ್ನಿಸಬಲ್ಲಳು. ಮಡಕಶಿರಾದಂಥ ಕಡೆ ಈ ಕ್ರಮದ ಅರ್ಧ ಶಕ್ತಿ ಆ ಗಟ್ಟಿ ಓದು ಯಾವ ಭಾಷೆಯಲ್ಲಿ ನಡೆಯುತ್ತದೆಂಬುದರ ಮೇಲೆ ನಿಂತಿದೆ. ಅಂಕಿಗಳು ಎಲ್ಲ ಕಿವಿಗೂ ತಿಳಿಯುತ್ತವೆ. ಎದ್ದು ನಿಂತು ಅಲ್ಲವೆನ್ನಲು ಮಾತ್ರ ತನ್ನದೇ ಮಾತು ಬೇಕು.

ಕಾಸರಗೋಡಿನ ಚಿತ್ರ ಬೇರೆ. ಅಲ್ಲಿ ಹೆಣ್ಣಿನ ಮನೆಗೆಲಸದೊಳಗೆ ಅಡಗಿದ್ದ ದುಡಿಮೆ ಬೀಡಿಯದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಕೇರಳ 1968ರಲ್ಲಿ ಜಾರಿಗೊಳಿಸಿದಾಗ ಮಂಗಳೂರು ಮೂಲದ ದೊಡ್ಡ ಕಂಪನಿಗಳು ಕೇರಳದ ತಮ್ಮ ಘಟಕಗಳನ್ನು ಮುಚ್ಚಿದವು. ಸುಮಾರು 12,000 ಜನ ಕೆಲಸ ಕಳೆದುಕೊಂಡರು. ಅದರ ಉತ್ತರವಾಗಿ 1969ರಲ್ಲಿ ಕಣ್ಣೂರಿನಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರಿಯ ಕಥೆ ಸಾಕಷ್ಟು ಬರೆಯಲ್ಪಟ್ಟಿದೆ. ಅಷ್ಟಾಗಿ ಬರೆಯಲ್ಪಡದ ಕಥೆ ಗಡಿಯ ಎರಡೂ ಬದಿಯ ಮನೆಗಳದು: ಬೀಡಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಜಗಲಿಯಲ್ಲಿ ಕಟ್ಟುವ ಹೆಂಗಸರದು. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂಬುದನ್ನು 1974ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೂ ಒಂದೇ ಬೀಡಿ ಕಾರ್ಡಿನ ಹೆಸರಿನಡಿ ತಾಯಿ, ಸೊಸೆ, ಮಗಳು ಮೂವರ ಬೆರಳುಗಳು ಓಡುವುದು ತಪ್ಪಲಿಲ್ಲ.

1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕರೆ ಗುಂಪುಗಳ ಮೇಲೆ ಉದ್ಯೋಗ ಖಾತರಿ ಬಂದು ಕೂತಾಗ ಕೇರಳದಲ್ಲಿ ಹೆಣ್ಣಾಳುಗಳ ಪಾಲು ಶೇ. 90ರ ಆಸುಪಾಸಿಗೆ ಏರಿತು. ಗಂಡಸರ ಮಾರುಕಟ್ಟೆ ಕೂಲಿ ಖಾತರಿಯ ಕೂಲಿಗಿಂತ ಬಹಳ ಹೆಚ್ಚಿದ್ದುದರಿಂದ ಅವರು ಇತ್ತ ಸುಳಿಯಲಿಲ್ಲವೆಂಬುದು ಅರ್ಧ ಕಾರಣ. ಗುಂಪಿನ ಹೆಂಗಸರೇ ಮೇಟ್‌ಗಳಾಗಿ ಹಾಜರಿ ಬರೆದದ್ದು ಇನ್ನರ್ಧ. ಬೇಡಿಕೆಯ ಅರ್ಜಿ ಗುಂಪಿನೊಳಗೇ ತುಂಬಲ್ಪಡುವಾಗ ಬರೆದುಕೊಡುವವನ ಹಂಗು ಬಹಳಷ್ಟು ಕಳಚುತ್ತದೆ. ಮಂಜೇಶ್ವರ, ಪೈವಳಿಕೆ, ಎಣ್ಮಕಜೆಯ ಕಡೆ ಹೆಂಗಸರ ಕೂಟದ ಮಾತು ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿಯಲ್ಲೋ ಸಾಗುತ್ತದೆ. ಆಡಳಿತದ ಬರಹ ಮಲಯಾಳದ್ದು. ಕೇರಳದ ಭಾಷಾನೀತಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಜತ್ತದ ಕನ್ನಡಿಗಳಿಗೆ ಹೋಲಿಸಿದರೆ ಕಾಸರಗೋಡಿನವಳು ಕಾನೂನಿನ ಮಟ್ಟಿಗೆ ಉತ್ತಮ ಸ್ಥಿತಿಯಲ್ಲಿದ್ದಾಳೆ.

ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಇದೆಯಲ್ಲ ಎಂಬ ಆಕ್ಷೇಪ ಬರಬಹುದು. ಆ ವಿಧಿ ಹೇಳುವುದು ಕುಂದುಕೊರತೆಯ ನಿವಾರಣೆಗಾಗಿ ಸಲ್ಲಿಸುವ ಮನವಿಯನ್ನು: ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅದನ್ನು ಸಲ್ಲಿಸಬಹುದು. ಕೆಲಸ ಸಿಗಲಿಲ್ಲವೆಂಬ ದೂರು ಈ ವ್ಯಾಪ್ತಿಗೆ ನಿಸ್ಸಂದೇಹವಾಗಿ ಬರುತ್ತದೆ. ಕೆಲಸ ಬೇಕೆಂಬ ಮೊದಲ ಬೇಡಿಕೆ ಬರುತ್ತದೆಯೇ? ಅದು ಕುಂದುಕೊರತೆಯಲ್ಲ, ಹಕ್ಕಿನ ಚಲಾವಣೆ. ವಿಧಿಯನ್ನು ಅಕ್ಷರಶಃ ಓದಿದರೆ ದೂರನ್ನು ಕನ್ನಡದಲ್ಲಿ ಕೊಡಬಹುದು. ಆದರೆ ದೂರಿಗೆ ಆಧಾರವಾಗಬೇಕಾದ ಅರ್ಜಿಯನ್ನು ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಕೊಟ್ಟಿರಬೇಕು. ಬಾಯಿಮಾತಿನ ಬೇಡಿಕೆಯನ್ನೂ ಸ್ವೀಕರಿಸಬೇಕೆಂದು ಮುಂದೆ ರಾಷ್ಟ್ರೀಯ ಯೋಜನೆಯ ಮಾರ್ಗಸೂಚಿಗಳಲ್ಲಿ ಸೇರಿತು. ಓದುಬರಹದ ತೊಡಕಿಗೆ ಅದು ಉತ್ತರ. ಭಾಷೆಯ ತೊಡಕಿಗೆ ಪೂರ್ತಿ ಉತ್ತರವಲ್ಲ; ಬಾಯಿಮಾತನ್ನು ಕೇಳಿಸಿಕೊಂಡು ಬರೆದುಕೊಳ್ಳುವವನಿಗೂ ಆ ಮಾತು ತಿಳಿದಿರಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಶಾಲೆಯ ಬಾಗಿಲಲ್ಲಿ ನಿಂತಷ್ಟು ಹೊತ್ತು ಈ ಮೇಜಿನ ಮುಂದೆ ನಿಲ್ಲದಿರುವುದಕ್ಕೆ, ಈ ಮೇಜಿನ ಮುಂದೆ ನಿಂತವಳು ಹೆಂಗಸೂ ಕೂಲಿಯವಳೂ ಆಗಿದ್ದುದೇ ಕಾರಣವೆಂದು ನಾನು ಭಾವಿಸುತ್ತೇನೆ.

ಸಂಶೋಧಕರಿಗೆ ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಗಣಕಯಂತ್ರಕ್ಕೆ ಮೊದಲಿನ ಮಸ್ಟರುಗಳು ಕಾಗದದವು. ಅವುಗಳಲ್ಲಿ ಉಳಿದಷ್ಟನ್ನು ಓದುವಾಗ ಸಂಖ್ಯೆಗಳಿಗಿಂತ ಮೊದಲು ಹೆಸರಿನ ಅಂಕಣವನ್ನು ನೋಡಬೇಕು. ಮಹಾರಾಷ್ಟ್ರದ ಕಚೇರಿ ಬರಹದಲ್ಲಿ ಹೆಂಗಸಿನ ಹೆಸರಿನ ಬೆನ್ನಿಗೆ ಗಂಡನ ಹೆಸರು, ಅದರ ಬೆನ್ನಿಗೆ ಅಡ್ಡಹೆಸರು ಬರಬೇಕು. ಊರಲ್ಲಿ ನೀಲವ್ವನಾಗಿರುವವಳು ದೇವನಾಗರಿಯ ಸಾಲಿನಲ್ಲಿ ನೀಲಾಬಾಯಿಯಾಗಿದ್ದರೆ, ಆ ಬದಲಾವಣೆ ಮಾಡಿದ ಕೈ ಕಾರಕೂನನದು. ನೀಲವ್ವನೆಂದೇ ಉಳಿದಿದ್ದರೆ, ಅವಳು ಹೇಳಿದ್ದನ್ನು ಹೇಳಿದಂತೆ ಕೇಳಿ ಬರೆದವರೊಬ್ಬರು ಆ ಮೇಜಿನಲ್ಲಿ ಕುಳಿತಿದ್ದರೆಂದು ಊಹಿಸಬಹುದು. ಯಾವ ಊರಿನ ಮಸ್ಟರಿನಲ್ಲಿ ಅವ್ವಂದಿರು ಎಷ್ಟು, ಬಾಯಿಯರು ಎಷ್ಟು, ಯಾವ ವರ್ಷದಿಂದ ಯಾವುದು ಹೆಚ್ಚಿತು ಎಂಬ ಎಣಿಕೆಯನ್ನು ಉಮದಿ, ಸಂಖದ ಕಡೆಯ ಹಳ್ಳಿಗಳಿಂದ ಆರಂಭಿಸಬಹುದು.